ತಗ್ಗಿಸಿದ ಹಳೆಯ ಸ್ಪೋರ್ಟ್ಸ್ ಕಾರಿನ ಬಂಪ್ ಸ್ಟಿಯರ್: ಕನ್ನಡಿ, ಲೇಸರ್ ಮತ್ತು ಕೆಲವು ಮಿಲಿಮೀಟರ್‌ಗಳ ಶಿಮ್

ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡಿ ಕುಸಿದ ಮಂಡ್ಯದ ಡಾಂಬರು ರಸ್ತೆಯಲ್ಲಿ ಎಡ ಚಕ್ರ ಮಾತ್ರ ತಗ್ಗಿಗೆ ಇಳಿದು ಮೇಲೇರುತ್ತದೆ. ನಿಮ್ಮ ಕೈ ಸ್ಟೀರಿಂಗ್ ಮೇಲೆ ಗಟ್ಟಿಯಾಗಿಯೇ ಇದೆ. ಆದರೂ ಕಾರು ಪಕ್ಕಕ್ಕೆ ಎಳೆಯುತ್ತದೆ. ಚಕ್ರ ಮೇಲೆ ಕೆಳಗೆ ಆಡಿದ್ದಕ್ಕೇ ಅದು ತಾನಾಗಿ ಎಡಕ್ಕೋ ಬಲಕ್ಕೋ ತಿರುಗಿಕೊಳ್ಳುವ ಈ ದೋಷವೇ ಬಂಪ್ ಸ್ಟಿಯರ್. ಚೆಂದಕ್ಕೆಂದೋ ತಿರುವಿನಲ್ಲಿ ಹಿಡಿತ ಹೆಚ್ಚಲೆಂದೋ ಗಿಡ್ಡ ಸ್ಪ್ರಿಂಗ್ ಹಾಕಿ ತಗ್ಗಿಸಿದ ಹಳೆಯ ಕಾರುಗಳಲ್ಲಿ ಇದು ಸಾಮಾನ್ಯ.

ನಾನು ಇಲ್ಲಿ ಬರೆಯುತ್ತಿರುವುದು ಟ್ರಯಂಫ್ ಸ್ಪಿಟ್‌ಫೈರ್ ಕಾರನ್ನು ಮುಂದಿಟ್ಟುಕೊಂಡು. 1962ರಲ್ಲಿ ಬಂದ ಈ ಎರಡು ಸೀಟಿನ ಕಾರು ಟ್ರಯಂಫ್ ಹೆರಾಲ್ಡ್‌ನ ಯಂತ್ರಾಂಗಗಳ ಮೇಲೆ ನಿಂತಿದೆ. ಅದೇ ಹೆರಾಲ್ಡ್ 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಾಯಿತು. ಹಾಗಾಗಿ ಸ್ಪಿಟ್‌ಫೈರ್ ಇಲ್ಲದವರೂ ಮನೆಯ ಹಳೆಯ ಹೆರಾಲ್ಡ್ ಮೇಲೆ ಇದೇ ಕೆಲಸವನ್ನು ಮಾಡಬಹುದು. ಮುಂಭಾಗದ ವಿನ್ಯಾಸ ಎರಡರಲ್ಲೂ ಒಂದೇ ಬಗೆಯದು: ಚಕ್ರವನ್ನು ಷಾಸಿಗೆ (ಕಾರಿನ ಚೌಕಟ್ಟಿಗೆ) ಕೀಲುಗಳಿಂದ ಜೋಡಿಸುವ ತೋಳುಗಳಾಗಿ ಮೇಲೊಂದು ಕೆಳಗೊಂದು ವಿಶ್‌ಬೋನ್, ನಡುವೆ ಸ್ಪ್ರಿಂಗ್ ಮತ್ತು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಕೂಡಿದ ಘಟಕ, ಚಕ್ರದ ಅಕ್ಷಕ್ಕಿಂತ ಮುಂದೆ ಕುಳಿತ, ತಿರುಗಿಸಿದಾಗ ಎಡ ಬಲಕ್ಕೆ ಸರಿಯುವ ಹಲ್ಲಿನ ಸರಳಿರುವ ಸ್ಟೀರಿಂಗ್ ರ‍್ಯಾಕ್.

ಮೊದಲೇ ಹೇಳಿಬಿಡುತ್ತೇನೆ. ಬೇರೆಯವರ ಕಾರಿಗೆ ಎಷ್ಟು ದಪ್ಪದ ಶಿಮ್ (ಅಳತೆ ಹೊಂದಿಸಲು ಸಂದಿಯಲ್ಲಿ ಇಡುವ ತೆಳು ತಟ್ಟೆ) ಹಾಕಿದರು ಎಂದು ಕೇಳಿಕೊಂಡು ಅಷ್ಟೇ ದಪ್ಪದ್ದನ್ನು ತಂದು ಕೂರಿಸಬೇಡಿ. ಎಷ್ಟು ತಗ್ಗಿಸಿದ್ದೀರಿ, ಷಾಸಿ ಎಷ್ಟು ನೇರವಾಗಿ ಉಳಿದಿದೆ, ಐವತ್ತು ಅರವತ್ತು ವರ್ಷಗಳಲ್ಲಿ ಯಾವ ಭಾಗ ಬದಲಾಗಿದೆ ಎಂಬುದರ ಮೇಲೆ ಶಿಮ್‌ನ ದಪ್ಪ ಮಾತ್ರವಲ್ಲ, ಅದನ್ನು ಹಾಕಬೇಕಾದ ದಿಕ್ಕೂ ಬದಲಾಗುತ್ತದೆ. ಈ ಕೆಲಸದ ಒಂಬತ್ತು ಪಾಲು ಅಳತೆ, ಒಂದು ಪಾಲು ಮಾತ್ರ ಶಿಮ್.

ಏಕೆ ಹೀಗಾಗುತ್ತದೆ

ಚಕ್ರ ಮೇಲೇರುವಾಗ ವಿಶ್‌ಬೋನ್‌ಗಳ ಹೊರತುದಿಗಳು ಕಂಸಾಕಾರದಲ್ಲಿ ಚಲಿಸುತ್ತವೆ. ಸ್ಟೀರಿಂಗ್ ರ‍್ಯಾಕ್ ಅನ್ನು ಚಕ್ರಕ್ಕೆ ಜೋಡಿಸುವ ಸರಳಾದ ಟೈ ರಾಡ್‌ನ ಹೊರತುದಿಯೂ ತನ್ನದೇ ಕಂಸದಲ್ಲಿ ಚಲಿಸುತ್ತದೆ. ಈ ಚಲನೆಗಳು ಪರಸ್ಪರ ಹೊಂದಿಕೊಂಡರೆ ಚಕ್ರ ನೇರವಾಗಿಯೇ ಏರಿಳಿಯುತ್ತದೆ. ಹೊಂದದಿದ್ದರೆ ಟೈ ರಾಡ್, ಚಕ್ರವನ್ನು ತಿರುಗಿಸುವ ಸ್ಟೀರಿಂಗ್ ಆರ್ಮ್ ಅನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ. ಮೇಲಿನ ಮತ್ತು ಕೆಳಗಿನ ವಿಶ್‌ಬೋನ್‌ಗಳ ರೇಖೆಗಳನ್ನು ಕಾಗದದ ಮೇಲೆ ಕಾರಿನ ಒಳಭಾಗದತ್ತ ಎಳೆದರೆ ಎಲ್ಲೋ ಒಂದು ಬಿಂದುವಿನಲ್ಲಿ ಕೂಡುತ್ತವೆ. ಟೈ ರಾಡ್‌ನ ರೇಖೆಯೂ ಆ ಬಿಂದುವಿನತ್ತಲೇ ಹೋಗಬೇಕು. ಅದರ ಉದ್ದವೂ ವಿಶ್‌ಬೋನ್‌ಗಳ ಒಳ ಮತ್ತು ಹೊರ ಕೀಲುಗಳಿಗೆ ತಕ್ಕಂತಿರಬೇಕು. ಮೊದಲನೆಯದು ಕೋನದ ಪ್ರಶ್ನೆ, ಎರಡನೆಯದು ಉದ್ದದ ಪ್ರಶ್ನೆ. ಮುಂದೆ ಗ್ರಾಫ್ ಓದುವಾಗ ಈ ಭೇದ ಬೇಕಾಗುತ್ತದೆ.

ಕಾರ್ಖಾನೆ ಇಟ್ಟ ಎತ್ತರದ ಆಸುಪಾಸಿನಲ್ಲಿ ಈ ಹೊಂದಾಣಿಕೆ ಸಾಕಷ್ಟು ಚೆನ್ನಾಗಿರುತ್ತದೆ. ಕಾರನ್ನು 40 ಮಿ.ಮೀ. ತಗ್ಗಿಸಿದರೆ, ಮೊದಲು ದೊಡ್ಡ ಉಬ್ಬು ಸಿಕ್ಕಾಗ ಮಾತ್ರ ಮುಟ್ಟುತ್ತಿದ್ದ ಜಾಗದಲ್ಲಿ ಚಕ್ರ ಈಗ ಸದಾ ನಿಂತಿರುತ್ತದೆ. ಅಲ್ಲಿ ಟೈ ರಾಡ್‌ನ ಓರೆ ಹೆಚ್ಚು, ತಪ್ಪೂ ಹೆಚ್ಚು.

ಕಂಪ್ಯೂಟರ್ ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಇದು ಕಾಣುವುದಿಲ್ಲ. ಆ ಯಂತ್ರ ಅಳೆಯುವುದು ನಿಂತ ಕಾರಿನ ಕೋನಗಳನ್ನು. ಎಲ್ಲ ಅಂಕಿಗಳೂ ಹಸಿರು ಬಣ್ಣದಲ್ಲಿ ಬಂದ ಕಾರಿನಲ್ಲಿಯೂ ಬಂಪ್ ಸ್ಟಿಯರ್ ಇರಬಹುದು.

ಅಳತೆಗೆ ಮುನ್ನ

ಸಡಿಲ ಭಾಗಗಳಿರುವ ಕಾರನ್ನು ಅಳೆದರೆ ಸಿಗುವುದು ಸಡಿಲದ ಅಳತೆ. ಆದ್ದರಿಂದ ಮೊದಲು ಟೈ ರಾಡ್ ತುದಿಗಳು, ರ‍್ಯಾಕ್‌ನ ಒಳಕೀಲುಗಳು, ವಿಶ್‌ಬೋನ್ ಬುಷ್‌ಗಳು, ಮೇಲಿನ ಬಾಲ್ ಜಾಯಿಂಟ್, ವೀಲ್ ಬೇರಿಂಗ್ ಇವೆಲ್ಲವನ್ನೂ ನೋಡಿ. ಸ್ಪಿಟ್‌ಫೈರ್ ಮತ್ತು ಹೆರಾಲ್ಡ್‌ನಲ್ಲಿ ಕೆಳಗಿನ ಕೀಲು ಬಾಲ್ ಜಾಯಿಂಟ್ ಅಲ್ಲ, ಎಳೆ ಕೊರೆದ, ತಿರುಪಿನಂಥ ಕೀಲಾದ ಟ್ರನಿಯನ್. ಇದಕ್ಕೆ ಗ್ರೀಸ್ ಬದಲು 90 ದರ್ಜೆಯ ಗೇರ್ ಎಣ್ಣೆ ತುಂಬಬೇಕು. ಎಣ್ಣೆ ಕಾಣದೆ ಒಣಗಿ ನೀರು ಕುಡಿದ ಟ್ರನಿಯನ್ ಇದ್ದರೆ, ಅದರೊಳಗೆ ಕೂತು ಚಕ್ರವನ್ನು ಹೊರುವ ಲಂಬ ಕೊಂಡಿ ಎಳೆಗಳ ಬಳಿ ತುಂಡಾಗಿ ಚಕ್ರವೇ ಮಡಚಿಕೊಳ್ಳಬಹುದು. ಬಂಪ್ ಸ್ಟಿಯರ್ ಆಮೇಲೆ ನೋಡೋಣ, ಇದನ್ನು ಇವತ್ತೇ ನೋಡಿ.

ಹಿಂಭಾಗವನ್ನೂ ಮರೆಯಬೇಡಿ. ಹಿಂದಿನ ಚಕ್ರಗಳು ಮುಂದೆ ಹಿಂದೆ ಸರಿಯದಂತೆ ಹಿಡಿಯುವ ರೇಡಿಯಸ್ ಆರ್ಮ್‌ಗಳ ಬುಷ್ ಹೋಗಿದ್ದರೆ ಹಿಂದಿನ ಚಕ್ರಗಳೇ ಕಾರನ್ನು ತಿರುಗಿಸುತ್ತವೆ. ಚಾಲಕನಿಗೆ ಅದು ಬಂಪ್ ಸ್ಟಿಯರ್‌ನಂತೆಯೇ ಅನಿಸುತ್ತದೆ.

ರ‍್ಯಾಕ್ ಅನ್ನು ಷಾಸಿಗೆ ಹಿಡಿದಿರುವುದು ಎರಡು ಯು ಬೋಲ್ಟ್‌ಗಳು, ಅವುಗಳ ಕೆಳಗೆ ರಬ್ಬರ್ ಪ್ಯಾಕಿಂಗ್. ಎಂಜಿನ್ ಎಣ್ಣೆ ಸೋರಿ ಈ ರಬ್ಬರ್ ಮೆತ್ತಗಾಗಿದ್ದರೆ ಇಡೀ ರ‍್ಯಾಕ್ ಪಕ್ಕಕ್ಕೆ ಸರಿದಾಡುತ್ತದೆ. ಒಬ್ಬರು ಸ್ಟೀರಿಂಗ್ ಅನ್ನು ಅತ್ತಿತ್ತ ಆಡಿಸಲಿ, ಇನ್ನೊಬ್ಬರು ಬಾನೆಟ್ ಎತ್ತಿ ರ‍್ಯಾಕ್ ಮೇಲೆ ಬೆರಳಿಡಲಿ. ರ‍್ಯಾಕ್ ಕದಲಿದ್ದು ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಈ ಕೆಲಸಕ್ಕೆ ನಾನು ಅಲ್ಯೂಮಿನಿಯಂ ಬ್ಲಾಕ್‌ಗಳನ್ನೇ ಒಪ್ಪುತ್ತೇನೆ. ರಸ್ತೆಯ ನಡುಕ ಕೈಗೆ ಸ್ವಲ್ಪ ಹೆಚ್ಚು ಬರುತ್ತದೆ, ನಿಜ. ಆದರೆ ಒತ್ತಿದರೆ ಕುಗ್ಗುವ ರಬ್ಬರ್ ಕೆಳಗೆ ಒಂದೊಂದು ಮಿ.ಮೀ. ಲೆಕ್ಕ ಹಾಕಿ ಶಿಮ್ ಇಡುವುದರಲ್ಲಿ ಅರ್ಥವಿಲ್ಲ.

ನಂತರ ಎತ್ತರವನ್ನು ನಿಗದಿ ಮಾಡಿ. ನಮ್ಮ ರಸ್ತೆಗಳಿಗೆ 25 ಮಿ.ಮೀ.ಗಿಂತ ಹೆಚ್ಚು ತಗ್ಗಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಹಳ್ಳಿಯ ಮುಂದೆ ರಾತ್ರೋರಾತ್ರಿ ಏಳುವ ಉಬ್ಬುಗಳು ಈ ಅಳತೆಯನ್ನು ಕಂಡೇ ಇರುವುದಿಲ್ಲ. ಇನ್ನೊಂದು ವಿಷಯ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. ಮೂಲ ಸ್ಪ್ರಿಂಗ್, ಮೂಲ ಟೈ ರಾಡ್ ತುದಿಗಳನ್ನು ಎಸೆಯದೆ ಜೋಪಾನ ಮಾಡಿ.

ಟೈರ್‌ಗಳಿಗೆ ಸರಿಯಾದ ಗಾಳಿ, ಅರ್ಧ ಟ್ಯಾಂಕ್ ಪೆಟ್ರೋಲ್. ಚಾಲಕನ ಸೀಟಿನಲ್ಲಿ 25 ಕೆ.ಜಿ. ಅಕ್ಕಿಯ ಮೂರು ಮೂಟೆ ಇಟ್ಟರೆ 75 ಕೆ.ಜಿ.ಯ ಚಾಲಕ ಕುಳಿತಂತೆ. ಕಾರನ್ನು ಮುಂದೆ ಹಿಂದೆ ಉರುಳಿಸಿ, ಮೂತಿಯನ್ನು ಒತ್ತಿ ಬಿಟ್ಟು, ತಾನಾಗಿ ನಿಲ್ಲಲು ಬಿಡಿ. ಈಗ ಎರಡೂ ಕಡೆ ಚಕ್ರದ ನಡುಬಿಂದುವಿನಿಂದ ಮೇಲಿರುವ ಬಾಡಿಯ ಅಂಚಿನವರೆಗಿನ ಎತ್ತರವನ್ನು ಅಳೆದು ಬರೆದಿಡಿ. ಸ್ಪಿಟ್‌ಫೈರ್‌ನಲ್ಲಿ ಮುಂಭಾಗದ ಇಡೀ ಬಾಡಿಯೇ ಬಾನೆಟ್ ಆಗಿ ಮೇಲೇಳುವುದರಿಂದ ಆ ಅಂಚನ್ನು ಪೂರ್ತಿ ನಂಬಲಾಗದು. ಸ್ಪ್ರಿಂಗ್ ಕೂರುವ ಟರೆಟ್ ಮೇಲೊಂದು ಗುರುತು ಕೊರೆದು ಅಲ್ಲಿಂದ ಅಳೆಯುವುದು ಮೇಲು. ಮುಂದಿನ ಎಲ್ಲ ಅಳತೆಗೂ ಇದೇ ಸೊನ್ನೆ.

ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ) ಮತ್ತು ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ಓರೆ) ಈಗಲೇ ಸರಿಯಾಗಬೇಕು. ಈ ಕಾರುಗಳಲ್ಲಿ ಅವೆರಡನ್ನೂ ಹೊಂದಿಸುವುದು ಕೆಳಗಿನ ವಿಶ್‌ಬೋನ್ ಬ್ರಾಕೆಟ್ ಹಿಂದಿನ ಶಿಮ್‌ಗಳಿಂದ. ಬಂಪ್ ಸ್ಟಿಯರ್ ಸರಿಮಾಡಿದ ಮೇಲೆ ಇವನ್ನು ಮುಟ್ಟಿದರೆ ಎಲ್ಲವೂ ಮತ್ತೆ ಮೊದಲಿನಿಂದ.

ಕನ್ನಡಿಯಿಂದ ಅಳೆಯುವುದು

ಎರಡು ಡಯಲ್ ಗೇಜ್ (ಸಣ್ಣ ಸರಿತವನ್ನು ಮುಳ್ಳಿನಿಂದ ತೋರಿಸುವ ಮಾಪಕ) ಇಟ್ಟು ಅಳೆಯುವ ಪದ್ಧತಿಯೇ ಹೆಚ್ಚು ಪ್ರಸಿದ್ಧ. ಆದರೆ ಮನೆಯ ಶೆಡ್‌ನಲ್ಲಿ ಕೆಲಸ ಮಾಡುವವರಿಗೆ ಕನ್ನಡಿ ಮತ್ತು ಲೇಸರ್ ಇನ್ನೂ ಒಳ್ಳೆಯದು. ಚಕ್ರ ಮೇಲೇರುವಾಗ ಹಬ್ (ಚಕ್ರವನ್ನು ಬಿಗಿಯುವ ನಡುಭಾಗ) ಸ್ವಲ್ಪ ಪಕ್ಕಕ್ಕೂ ಸರಿಯುತ್ತದೆ. ಗೇಜ್‌ಗಳಲ್ಲಿ ಅದನ್ನು ಕಳೆದು ಲೆಕ್ಕ ಹಾಕಬೇಕು. ಸಮತಲ ಕನ್ನಡಿಗೆ ನೇರವಾಗಿ ಬಿದ್ದ ಕಿರಣ ಕನ್ನಡಿ ಹಿಂದೆ ಮುಂದೆ ಸರಿದರೂ ಅದೇ ದಾರಿಯಲ್ಲಿ ಮರಳುತ್ತದೆ, ಕನ್ನಡಿ ತಿರುಗಿದರೆ ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಕನ್ನಡಿ ತಿರುಗಿದ ಕೋನದ ಎರಡರಷ್ಟು ಕಿರಣ ತಿರುಗುವುದರಿಂದ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ.

ನೆಲ ಸಮತಟ್ಟಾಗಿದೆಯೇ ಎಂದು ಗಾರೆ ಕೆಲಸದವರ ನೀರಿನ ಕೊಳವೆಯಿಂದ ನೋಡಿ. ಕಾರನ್ನು ಎತ್ತಿ ಷಾಸಿಯನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಸಮಮಟ್ಟದಲ್ಲಿ ಕೂರಿಸಿ. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್ ಯಾವುದೂ ಬೇಡ, ಅವು ಒಮ್ಮೆಗೇ ಸಿಡಿಯುತ್ತವೆ. ಚಕ್ರ ಬಿಚ್ಚಿ. ಕಾರಿನ ವಾಲುವಿಕೆ ತಗ್ಗಿಸಲು ಎಡ ಬಲಗಳನ್ನು ಕೂಡಿಸುವ ಆ್ಯಂಟಿ ರೋಲ್ ಬಾರ್‌ನ ಕೊಂಡಿಯನ್ನು ಎರಡೂ ಕಡೆ ಬಿಡಿಸಿ. ಸ್ಪ್ರಿಂಗ್ ಮತ್ತು ಡ್ಯಾಂಪರ್ ಘಟಕವನ್ನು ಇಡಿಯಾಗಿ ಹೊರತೆಗೆಯಿರಿ. ಮೇಲ್ಭಾಗದಲ್ಲಿ ಟರೆಟ್‌ಗೆ ಹಿಡಿದಿರುವ ಸುತ್ತಲಿನ ನಟ್‌ಗಳನ್ನು ಬಿಚ್ಚಬೇಕೇ ಹೊರತು ಡ್ಯಾಂಪರ್‌ನ ನಡುವಿನ ನಟ್ ಅನ್ನು ಮುಟ್ಟಬಾರದು. ಒತ್ತಿಟ್ಟ ಸ್ಪ್ರಿಂಗ್ ಅನ್ನು ಹಿಡಿದಿರುವುದು ಅದೊಂದೇ, ಬಿಚ್ಚಿದರೆ ಮುಖಕ್ಕೇ ಹಾರುತ್ತದೆ.

ಕನ್ನಡಿ ಐದು ಮಿ.ಮೀ. ದಪ್ಪದ ಒಳ್ಳೆಯ ಗಾಜಿನದಾಗಿರಲಿ, ಎತ್ತರ ಕನಿಷ್ಠ 150 ಮಿ.ಮೀ. ಇರಲಿ. ಅದನ್ನು ಚಪ್ಪಟೆ ಉಕ್ಕಿನ ತಟ್ಟೆಗೆ ಅಂಟಿಸಿ, ತಟ್ಟೆಯನ್ನು ಹಬ್‌ನ ನಾಲ್ಕು ಸ್ಟಡ್‌ಗಳಿಗೆ ಬಿಗಿಯಿರಿ. ಬ್ರೇಕ್ ಪೆಡಲ್ ಮತ್ತು ಸೀಟಿನ ನಡುವೆ ಕೋಲು ಕೊಟ್ಟು ಹಬ್ ತಿರುಗದಂತೆ ಮಾಡಿ. ಕನ್ನಡಿಯಿಂದ ಮೂರು ಮೀಟರ್ ದೂರದ ಗೋಡೆಗೆ ಗ್ರಾಫ್ ಕಾಗದ ಅಂಟಿಸಿ, ಅದರ ಮೇಲೆ ತೂಗುಗುಂಡು ಇಳಿಬಿಟ್ಟು ಒಂದು ಲಂಬ ಗೆರೆ ಎಳೆಯಿರಿ. ಕಾಗದದ ಪಕ್ಕದಲ್ಲೇ ಲೇಸರ್ ಅನ್ನು ಸ್ಟ್ಯಾಂಡ್‌ಗೆ ಬಿಗಿದು ಕಿರಣವನ್ನು ಕನ್ನಡಿಯ ನಡುವಿಗೆ ಬಿಡಿ. ಮರಳಿ ಬಂದ ಚುಕ್ಕೆ ಆ ಗೆರೆಯ ಮೇಲೆ ಬೀಳುವಂತೆ ಹೊಂದಿಸಿ. ಗೋಡೆಯ ಮೇಲೆ ಎರಡು ಚುಕ್ಕೆ ಕಾಣುತ್ತವೆ. ಮಂಕಾದದ್ದು ಗಾಜಿನ ಮುಂಮೈಯದು, ಹೊಳೆಯುವುದು ಹಿಂದಿನ ಪ್ರತಿಫಲನ ಪದರದ್ದು. ಹೊಳೆಯುವುದನ್ನೇ ಓದಿ. ಕನ್ನಡಿ ಅಲೆಅಲೆಯಾಗಿದೆಯೇ ಎಂದು ತಿಳಿಯಲು, ಹಬ್ ಕದಲಿಸದೆ ಲೇಸರ್ ಸ್ಟ್ಯಾಂಡನ್ನು ಮಾತ್ರ ನೇರವಾಗಿ ಮೇಲೆತ್ತಿ. ಚುಕ್ಕೆ ಲಂಬ ಗೆರೆಯನ್ನು ಬಿಟ್ಟು ವಕ್ರವಾಗಿ ಓಡಾಡಿದರೆ ಗಾಜು ಕೆಟ್ಟದ್ದು.

ಲೆಕ್ಕ ಸುಲಭ. ಮೂರು ಮೀಟರ್ ದೂರದಲ್ಲಿ ಚುಕ್ಕೆ ಅಡ್ಡಲಾಗಿ 10.5 ಮಿ.ಮೀ. ಸರಿದರೆ ಚಕ್ರ 0.1 ಡಿಗ್ರಿ ತಿರುಗಿದೆ. 13 ಇಂಚಿನ ರಿಮ್ ಮೇಲೆ ಅದು ಒಂದು ಚಕ್ರಕ್ಕೆ 0.6 ಮಿ.ಮೀ.ಗೆ ತುಸು ಕಡಿಮೆ. ಚುಕ್ಕೆ ಮೇಲೆ ಕೆಳಗೆ ಸರಿಯುವುದು ಕ್ಯಾಂಬರ್ ಬದಲಾವಣೆಯಿಂದ, ಒಂದು ಡಿಗ್ರಿಗೆ ಸುಮಾರು 105 ಮಿ.ಮೀ. ಅದಕ್ಕೆಂದೇ ಕಾಗದ ಎತ್ತರವಾಗಿರಬೇಕು.

ಸ್ಟೀರಿಂಗ್ ಕಟ್ಟಿಹಾಕುವ ಮೊದಲು ಅದನ್ನು ಕೂದಲೆಳೆಯಷ್ಟು ತಿರುಗಿಸಿ, ಚಕ್ರದ ಮುಂಭಾಗ ಒಳಕ್ಕೆ ಹೋದಾಗ ಚುಕ್ಕೆ ಯಾವ ಕಡೆ ಹೋಯಿತು ಎಂದು ಕಾಗದದ ಮೇಲೆ ಬಾಣದ ಗುರುತು ಹಾಕಿ. ಅದು ಟೋ ಇನ್ ದಿಕ್ಕು, ಎದುರಿನದು ಟೋ ಔಟ್. ಆಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ಟೀರಿಂಗ್ ಸುತ್ತುಗಳನ್ನು ಎಣಿಸಿ, ಅರ್ಧಕ್ಕೆ ತಂದು ರ‍್ಯಾಕ್ ಅನ್ನು ನಡುವೆ ನಿಲ್ಲಿಸಿ, ರ‍್ಯಾಕ್‌ನ ಹಲ್ಲಿನ ಸರಳೇ ಕದಲದಂತೆ ಕ್ಲ್ಯಾಂಪ್ ಹಾಕಿ. ಸ್ಟೀರಿಂಗ್ ಚಕ್ರವನ್ನಷ್ಟೇ ಕಟ್ಟಿದರೆ ಸಾಲದು, ನಡುವಿನ ಕಪ್ಲಿಂಗ್ ಸ್ವಲ್ಪ ತಿರುಚಿಕೊಳ್ಳುತ್ತದೆ.

ಈಗ ಲಂಬ ಕೊಂಡಿಯ ಕೆಳಗೆ ಜಾಕ್ ಇಟ್ಟು ಹಬ್ ಅನ್ನು ಬರೆದಿಟ್ಟ ಸೊನ್ನೆಯ ಎತ್ತರಕ್ಕೆ ತನ್ನಿ. ಅಲ್ಲಿಂದ 10 ಮಿ.ಮೀ. ಹಂತಗಳಲ್ಲಿ ಚಕ್ರದ ಓಟದ ಮೇಲಿನ ಮಿತಿಯವರೆಗೆ ಏರಿಸಿ, ಹಾಗೆಯೇ ಸೊನ್ನೆಯಿಂದ 50 ಮಿ.ಮೀ. ಕೆಳಗಿನವರೆಗೂ ಇಳಿಸಿ. ಪ್ರತಿ ಹಂತದಲ್ಲೂ ಚುಕ್ಕೆಯ ಅಡ್ಡ ಸರಿತವನ್ನು ಬರೆಯಿರಿ. ಏರುವಾಗ ಮತ್ತು ಇಳಿಯುವಾಗ ಒಂದೇ ಎತ್ತರದಲ್ಲಿ ಬೇರೆ ಬೇರೆ ಅಂಕಿ ಬಂದರೆ ಎಲ್ಲೋ ಸಡಿಲ ಉಳಿದಿದೆ ಎಂದೇ ಅರ್ಥ, ಹಿಂದಕ್ಕೆ ಹೋಗಿ ಹುಡುಕಿ. ನಂತರ ಇನ್ನೊಂದು ಕಡೆಯ ಚಕ್ರ.

ಗ್ರಾಫ್ ಓದುವುದು

ಅಡ್ಡಲಾಗಿ ಟೋ, ಉದ್ದಕ್ಕೆ ಚಕ್ರದ ಏರಿಳಿತ. ಗೆರೆ ನೇರವಾಗಿ ನಿಂತಿದ್ದರೆ ಬಂಪ್ ಸ್ಟಿಯರ್ ಇಲ್ಲ. ಗೆರೆ ಓರೆಯಾಗಿದ್ದರೆ, ಅಂದರೆ ಏರುವಾಗ ಒಂದು ಕಡೆ ಇಳಿಯುವಾಗ ಇನ್ನೊಂದು ಕಡೆ ಹೋದರೆ, ಟೈ ರಾಡ್‌ನ ಕೋನ ತಪ್ಪಿದೆ. ಎರಡೂ ತುದಿಗಳು ಒಂದೇ ಕಡೆ ಬಾಗಿದರೆ ಟೈ ರಾಡ್‌ನ ಉದ್ದ ತಪ್ಪಿದೆ. ತಗ್ಗಿಸಿದ ಕಾರಿನಲ್ಲಿ ಸಾಮಾನ್ಯವಾಗಿ ಎರಡೂ ಬೆರೆತಿರುತ್ತವೆ.

ರ‍್ಯಾಕ್ ಅಕ್ಷಕ್ಕಿಂತ ಮುಂದಿರುವ ಕಾರಿನಲ್ಲಿ ದಿಕ್ಕುಗಳು ಹೀಗೆ. ಚಕ್ರ ಮೇಲೇರುವಾಗ ಟೋ ಇನ್ ಆದರೆ, ಟೈ ರಾಡ್‌ನ ಹೊರತುದಿ ಅಗತ್ಯಕ್ಕಿಂತ ಹೆಚ್ಚು ಒಳಕ್ಕೆ ಎಳೆಯುತ್ತಿದೆ. ಅದು ಒಳತುದಿಗಿಂತ ಅತಿಯಾಗಿ ಮೇಲಿದೆ. ರ‍್ಯಾಕ್ ಅನ್ನು ಎತ್ತಬೇಕು, ಅಥವಾ ಹೊರತುದಿಯನ್ನು ಇಳಿಸಬೇಕು. ಮೇಲೇರುವಾಗ ಟೋ ಔಟ್ ಆದರೆ ಇದರ ತದ್ವಿರುದ್ಧ. ರ‍್ಯಾಕ್ ಅಕ್ಷದ ಹಿಂದಿರುವ ಕಾರಿನಲ್ಲಿ ಪ್ರತಿಯೊಂದೂ ತಿರುವುಮುರುವಾಗುತ್ತದೆ. ಆದ್ದರಿಂದ ಬಾನೆಟ್ ತೆರೆದು ರ‍್ಯಾಕ್ ಎಲ್ಲಿದೆ ಎಂದು ಕಣ್ಣಾರೆ ನೋಡಿಕೊಂಡೇ ಮುಂದುವರಿಯಿರಿ.

ಎರಡರಲ್ಲಿ ಹೆಚ್ಚು ಅಪಾಯದ್ದು ಮೇಲೇರುವಾಗ ಟೋ ಇನ್ ಆಗುವುದು. ಚಾಮುಂಡಿ ಬೆಟ್ಟದ ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗ ಹೊರಗಿನ ಚಕ್ರ ಮೇಲೇರಿ ಇನ್ನಷ್ಟು ತಿರುವಿನೊಳಕ್ಕೆ ತಿರುಗುತ್ತದೆ. ನೀವು ಕೇಳಿದ್ದಕ್ಕಿಂತ ಹೆಚ್ಚು ತಿರುಗುವ ಇಂಥ ಕಾರನ್ನು, ಅದರಲ್ಲೂ ಹಿಂದೆ ಸ್ವಿಂಗ್ ಆ್ಯಕ್ಸಲ್ (ಏರಿಳಿತದಲ್ಲಿ ಚಕ್ರದ ಓರೆ ಬಹಳ ಬದಲಾಗುವ ಜೋಡಣೆ) ಇರುವ ಸ್ಪಿಟ್‌ಫೈರ್ ಅನ್ನು, ಇಳಿಜಾರಿನಲ್ಲಿ ನಾನು ನಂಬುವುದಿಲ್ಲ. ಸೊನ್ನೆ ಸಾಧ್ಯವಾಗದಿದ್ದರೆ ಮೇಲೇರುವಾಗ ತೀರಾ ಸಣ್ಣ ಟೋ ಔಟ್ ಉಳಿಯಲಿ. ಸೊನ್ನೆಯಿಂದ ಮೇಲೆ ಕೆಳಗೆ 25 ಮಿ.ಮೀ. ಓಡಾಟದಲ್ಲಿ ಒಂದು ಚಕ್ರ 0.1 ಡಿಗ್ರಿಗಿಂತ ಹೆಚ್ಚು ತಿರುಗಬಾರದು ಎಂಬುದು ನಾನು ಇಟ್ಟುಕೊಳ್ಳುವ ಗುರಿ.

ಎಡ ಬಲದ ಗ್ರಾಫ್‌ಗಳು ಒಂದಕ್ಕೊಂದು ಹೋಲದಿದ್ದರೆ ಶಿಮ್‌ಗೆ ಕೈ ಹಾಕಬೇಡಿ. ರ‍್ಯಾಕ್ ನಡುವಿಗೆ ಬಂದಿಲ್ಲ, ಓರೆಯಾಗಿ ಕುಳಿತಿದೆ, ಅಥವಾ ಎಂದೋ ಆದ ಡಿಕ್ಕಿಯಲ್ಲಿ ಷಾಸಿಯ ಮೂತಿ ಬಾಗಿದೆ.

ಎಷ್ಟು ಶಿಮ್

ಇದಕ್ಕೆ ಒಂದು ಚಿಕ್ಕ ಲೆಕ್ಕವಿದೆ. ಟೈ ರಾಡ್‌ನ ಒಳಕೀಲಿನಿಂದ ಹೊರಕೀಲಿಗೆ ಇರುವ ಉದ್ದ, ಸ್ಟೀರಿಂಗ್ ಆರ್ಮ್‌ನ ಉದ್ದ, ಚಕ್ರ ತಿರುಗಿದ ಕೋನ ರೇಡಿಯನ್‌ನಲ್ಲಿ, ಈ ಮೂರನ್ನೂ ಗುಣಿಸಿ, ಚಕ್ರ ಏರಿದ ಎತ್ತರದಿಂದ ಭಾಗಿಸಿ. ಉದಾಹರಣೆಗೆ ಟೈ ರಾಡ್ 300 ಮಿ.ಮೀ., ಆರ್ಮ್ 110 ಮಿ.ಮೀ., 50 ಮಿ.ಮೀ. ಏರಿದಾಗ 0.3 ಡಿಗ್ರಿ ಟೋ ಇನ್ ಎಂದಿಟ್ಟುಕೊಳ್ಳಿ. 0.3 ಡಿಗ್ರಿ ಎಂದರೆ 0.00524 ರೇಡಿಯನ್. ಉತ್ತರ ಸುಮಾರು 3.5 ಮಿ.ಮೀ. ರ‍್ಯಾಕ್ ಅಷ್ಟು ಮೇಲೇಳಬೇಕು. ಇಷ್ಟು ಸಣ್ಣ ಅಂಕಿ ಇಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಎನ್ನುವಾಗ, ಅಂದಾಜಿನಲ್ಲಿ 10 ಮಿ.ಮೀ. ಪ್ಯಾಕಿಂಗ್ ತುರುಕುವುದು ಎಂಥ ಕೆಲಸವೆಂದು ನೀವೇ ಯೋಚಿಸಿ.

ಶಿಮ್ ಎಂದರೆ ರ‍್ಯಾಕ್ ಬ್ಲಾಕ್‌ನ ತಳದ ಆಕಾರಕ್ಕೆ ಕತ್ತರಿಸಿ, ಯು ಬೋಲ್ಟ್‌ನ ಕಾಲುಗಳಿಗೆ ಎರಡು ತೂತು ಕೊರೆದ ಚಪ್ಪಟೆ ತಟ್ಟೆ. ಮೈಸೂರಿನಲ್ಲಿ ಇದಕ್ಕೆ ಕೊರತೆಯಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಈ ಊರಿನಲ್ಲಿ ಲೋಹ ಬಲ್ಲ ಕೈಗಳಿವೆ, ಹೆಬ್ಬಾಳ ಮತ್ತು ಮೇಟಗಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಲೇತ್‌ಗಳಿವೆ. ಅಲ್ಯೂಮಿನಿಯಂನಲ್ಲಿ 1, 2 ಮತ್ತು 3 ಮಿ.ಮೀ. ದಪ್ಪದ ಜೋಡಿಗಳನ್ನು, ಜೊತೆಗೆ ಅರ್ಧ ಮಿ.ಮೀ.ನ ಒಂದು ಜೋಡಿಯನ್ನು ಮಾಡಿಸಿಟ್ಟುಕೊಳ್ಳಿ. ಎರಡೂ ಕಡೆ ಒಂದೇ ದಪ್ಪ ಹಾಕಿ ಮತ್ತೆ ಅಳೆಯಿರಿ. ಗೆರೆ ನೆಟ್ಟಗಾಗುತ್ತಾ ಬರುವುದು ಕಾಗದದ ಮೇಲೆಯೇ ಕಾಣುತ್ತದೆ.

ಬಾಗು ಮಾತ್ರ ಶಿಮ್‌ನಿಂದ ಹೋಗುವುದಿಲ್ಲ. ಅದಕ್ಕೆ ಒಳಕೀಲುಗಳ ನಡುವಿನ ಅಂತರ ಬದಲಾಗಬೇಕು, ಅಂದರೆ ಬೇರೆ ಅಳತೆಯ ರ‍್ಯಾಕ್. ರಸ್ತೆಯ ಕಾರಿಗೆ ಅಷ್ಟು ಬೇಕಾಗಿಲ್ಲ. ಬಾಗಿದ ಗೆರೆಯ ಅತ್ಯಂತ ನೆಟ್ಟನೆಯ ಭಾಗ ಸರಿಯಾಗಿ ಸೊನ್ನೆಯ ಎತ್ತರದಲ್ಲಿ ಬರುವಂತೆ ಶಿಮ್ ಆರಿಸಿ. ಬಾಗಿನ ತಪ್ಪು ಓಡಾಟದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ದಿನನಿತ್ಯದ ಸಣ್ಣ ಏರಿಳಿತಗಳಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.

ರ‍್ಯಾಕ್ ಎತ್ತಿದಾಗ ಫ್ಯಾನ್ ಬೆಲ್ಟ್ ಪುಲ್ಲಿಗೆ ತಾಗುತ್ತದೆಯೇ, ಯು ಬೋಲ್ಟ್‌ನ ಎಳೆ ನಟ್‌ನಿಂದ ಹೊರಬರುವಷ್ಟು ಉಳಿದಿದೆಯೇ, ಸ್ಟೀರಿಂಗ್ ಕಾಲಂ ಎಲ್ಲೂ ಹಿಡಿಯದೆ ಸುತ್ತುತ್ತದೆಯೇ ಎಂದು ನೋಡಿ. ಜಾಗ ಸಾಲದಿದ್ದರೆ ಎರಡನೆಯ ದಾರಿ ಹೊರತುದಿಯದು: ಮೂಲ ಟೈ ರಾಡ್ ತುದಿಯ ಬದಲು ರಾಡ್ ಎಂಡ್ (ಗುಂಡು ಕೂತ ಲೋಹದ ಕೀಲು) ಹಾಕಿ, ಶಂಕುವಿನಾಕಾರದ ಸ್ಟಡ್ ಮತ್ತು ಸ್ಪೇಸರ್‌ನಿಂದ ಅದನ್ನು ಇಳಿಸುವುದು. ನನಗೆ ಇದು ಎರಡನೆಯ ಆಯ್ಕೆಯೇ. ಸ್ಪೇಸರ್ ಉದ್ದವಾದಷ್ಟೂ ಸ್ಟಡ್ ಬಾಗುವ ಬಲ ಹೆಚ್ಚುತ್ತದೆ, ನಮ್ಮ ಧೂಳು ಮತ್ತು ಮಳೆಗೆ ರಾಡ್ ಎಂಡ್ ಬೇಗ ಸವೆಯುತ್ತದೆ. ಹಾಕಲೇಬೇಕಾದರೆ ಸ್ಟಡ್‌ನ ಶಂಕು ಆರ್ಮ್‌ನ ತೂತಿಗೆ ಪೂರ್ತಿ ಹೊಂದಬೇಕು, ಉಕ್ಕು 10.9 ದರ್ಜೆಗಿಂತ ಕಡಿಮೆಯಾಗಬಾರದು, ರಬ್ಬರ್ ಕವಚ ಇರಬೇಕು. ಕೀಲು ಒಡೆದರೂ ಕಳಚಿಕೊಳ್ಳದಂತೆ ಅಗಲದ ವಾಷರ್ ಕಡ್ಡಾಯ.

ಸ್ಟೀರಿಂಗ್ ಆರ್ಮ್ ಅನ್ನು ಗ್ಯಾಸ್‌ನಿಂದ ಕೆಂಪಗೆ ಕಾಯಿಸಿ ಬಗ್ಗಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಕಾರನ್ನು ವಾಪಸು ತನ್ನಿ. ಕಾಯಿಸಿದ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ, ಮುರಿಯುವ ಮುನ್ನ ಹೇಳುವುದಿಲ್ಲ.

ಜೋಡಣೆ ಮತ್ತು ರಸ್ತೆ

ಎಲ್ಲವನ್ನೂ ಮರಳಿ ಜೋಡಿಸಿ, ಕೈಪಿಡಿಯಲ್ಲಿ ಹೇಳಿದ ಟಾರ್ಕ್‌ಗೆ ಬಿಗಿದು, ಹೊಸ ಸ್ಪ್ಲಿಟ್ ಪಿನ್ ಮತ್ತು ಹೊಸ ನೈಲಾಕ್ ನಟ್ ಹಾಕಿ. ರ‍್ಯಾಕ್ ಎತ್ತರ ಬದಲಾದ ಮೇಲೆ ನಿಂತ ಕಾರಿನ ಟೋ ಕೂಡ ಬದಲಾಗಿರುತ್ತದೆ, ಅದನ್ನು ಹೊಸದಾಗಿ ಹೊಂದಿಸಿ. ಚಕ್ರ ಪೂರ್ತಿ ಮೇಲೆ ಇರುವಾಗಲೂ ಪೂರ್ತಿ ಕೆಳಗಿರುವಾಗಲೂ ಸ್ಟೀರಿಂಗ್ ಅನ್ನು ಎರಡೂ ತುದಿಗೆ ಸುತ್ತಿ, ಬ್ರೇಕ್ ಹೋಸ್ ಎಳೆಯುತ್ತದೆಯೇ ಎಂದು ನೋಡಿ.

ಪರೀಕ್ಷೆಗೆ ಬೆಳಗಿನ ಜಾವ, ವಾಹನವಿಲ್ಲದ ಅಗಲ ರಸ್ತೆ ಬೇಕು. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲಿನ ರಸ್ತೆಗಳು ಖಾಲಿ ಇರುತ್ತವೆಂದು ಅಲ್ಲಿಗೆ ಹೋಗಬೇಡಿ. ತಡೆಗೋಡೆಯಿಲ್ಲದ ಕಡೆ ಸ್ಟೀರಿಂಗ್ ಪರೀಕ್ಷೆ ಮಾಡುವುದು ಜೀವದ ಜೊತೆ ಆಟ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥವೂ ಇದಕ್ಕಲ್ಲ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಒಂದು ಕಡೆಯ ಚಕ್ರ ಮಾತ್ರ ಉಬ್ಬಿನ ಅಂಚು ಹತ್ತುವಂತೆ ಸಾಗಿ. ಎರಡೂ ಚಕ್ರ ಒಟ್ಟಿಗೆ ಹತ್ತಿದರೆ ಎಡ ಬಲದ ತಪ್ಪುಗಳು ಒಂದನ್ನೊಂದು ರದ್ದುಮಾಡಿ ಏನೂ ಗೊತ್ತಾಗುವುದಿಲ್ಲ. ಸ್ಟೀರಿಂಗ್ ಅನ್ನು ಬೆರಳುಗಳಲ್ಲಿ ಹಗುರವಾಗಿ ಹಿಡಿಯಿರಿ. ಉಬ್ಬಿನ ಪೆಟ್ಟು ಸೀಟಿಗೆ ಬರಬೇಕು, ಕಾರಿನ ಮೂತಿ ದಾರಿ ಬದಲಿಸಬಾರದು. ಅದು ಸರಿಯಿದ್ದರೆ ಮಾತ್ರ ವೇಗ ಹೆಚ್ಚಿಸಿ.

500 ಕಿ.ಮೀ. ಓಡಿದ ಮೇಲೆ ಯು ಬೋಲ್ಟ್‌ಗಳ ಬಿಗಿತವನ್ನು ಮತ್ತೊಮ್ಮೆ ನೋಡಿ, ಹೊಸ ಶಿಮ್‌ಗಳು ಕುಳಿತು ನಟ್ ಸ್ವಲ್ಪ ಸಡಿಲವಾಗಿರುತ್ತದೆ. ಗ್ರಾಫ್ ಕಾಗದವನ್ನು ದಿನಾಂಕ ಮತ್ತು ಶಿಮ್ ದಪ್ಪದೊಂದಿಗೆ ಕಾರಿನ ಕಡತದಲ್ಲಿ ಇಡಿ. ಸ್ಪ್ರಿಂಗ್, ವಿಶ್‌ಬೋನ್ ಬುಷ್ ಅಥವಾ ರ‍್ಯಾಕ್ ಬದಲಿಸಿದರೆ ಮತ್ತೆ ಅಳೆಯಬೇಕು. ಟೈರ್‌ನ ಅಳತೆ ಮಾತ್ರ ಬದಲಾದರೆ ಬೇಕಿಲ್ಲ: ನೆಲದಿಂದ ಕಾರಿನ ಎತ್ತರ ಬದಲಾಗುತ್ತದೆಯೇ ಹೊರತು ಹಬ್ ಮತ್ತು ಷಾಸಿಯ ನಡುವಿನ ಅಂತರ ಹಾಗೆಯೇ ಇರುತ್ತದೆ.